ರೂಟರ್‌ಗೆ ಗೈಡ್ ಬುಷ್ ಆರಿಸುವ ಬಗೆ: ಬಿಟ್ ಮೊದಲು, ಬುಷ್ ಆಮೇಲೆ

ಬಾಗಿಲಿಗೆ ಹಿಂಜ್ ಕೂರಿಸಲೆಂದು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯಲ್ಲಿ ಟೆಂಪ್ಲೇಟ್, ಅಂದರೆ ಮಾದರಿ ಅಚ್ಚು, ಮಾಡಿಕೊಂಡು, ಮರ ಕೊರೆಯುವ ಯಂತ್ರವಾದ ರೂಟರ್ ಓಡಿಸಿ, ಕಚ್ಚು ತೆಗೆದು ನೋಡಿದರೆ ಹಿಂಜ್ ಒಳಗೆ ಇಳಿಯುವುದಿಲ್ಲ. ಉದ್ದದಲ್ಲಿ ಮುಕ್ಕಾಲು ಮಿಲಿಮೀಟರಿನಷ್ಟು ಕಡಿಮೆ ಬಿದ್ದಿರುತ್ತದೆ. ಟೆಂಪ್ಲೇಟನ್ನು ಮತ್ತೆ ಅಳೆದರೆ ಅದು ಸರಿಯಾಗಿಯೇ ಇರುತ್ತದೆ, ರೂಟರಿಗೆ ದಾರಿ ತೋರುವ ಕೊಳವೆಯಾದ ಬುಷ್ ಕೂಡ ಸರಿಯಾದದ್ದೇ. ತಪ್ಪಿರುವುದು ಕೊರೆಯುವ ಅಲಗಾದ ಬಿಟ್‌ನಲ್ಲಿ: ಲೆಕ್ಕ ಹಾಕಿದ್ದು ಅರ್ಧ ಇಂಚಿನ, ಅಂದರೆ 12.7 ಮಿ.ಮೀ. ಬಿಟ್‌ಗೆ, ಪೆಟ್ಟಿಗೆಯಿಂದ ಕೈಗೆ ಬಂದದ್ದು 12 ಮಿ.ಮೀ. ಬಿಟ್. ಇಂಚಿನ ಸಾಮಾನೂ ಮಿಲಿಮೀಟರಿನ ಸಾಮಾನೂ ಒಂದೇ ಕಪಾಟಿನಲ್ಲಿ ಮಾರಾಟವಾಗುವ ನಮ್ಮ ಮಾರುಕಟ್ಟೆಯಲ್ಲಿ ಗೈಡ್ ಬುಷ್ ಆರಿಸುವಾಗ ಆಗುವ ತಪ್ಪುಗಳಲ್ಲಿ ಬಹುಪಾಲು ಈ ಜಾತಿಯವೇ. ಹತ್ತು ಬುಷ್‌ಗಳ ಸೆಟ್ಟೊಂದನ್ನು ಮೊದಲು ಕೊಂಡು, ಆಮೇಲೆ ಅದಕ್ಕೆ ಹೊಂದುವ ಕೆಲಸ ಹುಡುಕುವವರು ಈ ತಪ್ಪಿಗೆ ಬೇಗ ಸಿಕ್ಕಿಬೀಳುತ್ತಾರೆ. ಆದ್ದರಿಂದ ಈ ಬರಹದಲ್ಲಿ ಕ್ರಮವನ್ನು ತಿರುಗಿಸಿದ್ದೇನೆ: ಕೆಲಸ ಯಾವುದು, ಅದಕ್ಕೆ ಬಿಟ್ ಯಾವುದು, ಯಂತ್ರದ ತಳ ಏನನ್ನು ಹಿಡಿಯುತ್ತದೆ ಎಂಬುದನ್ನು ನೋಡಿದ ಮೇಲೆಯೇ ಬುಷ್ ಆರಿಸುವುದು.

ಬುಷ್ ಏಕೆ, ಬೇರಿಂಗ್ ಬಿಟ್ ಸಾಲದೇ?

ಗೈಡ್ ಬುಷ್ ಎಂದರೆ ರೂಟರಿನ ಬೇಸ್ ಪ್ಲೇಟಿನ ನಡುವಿನ ತೂತಿನಲ್ಲಿ ಕೂರುವ, ಕೆಳಗೆ ಕೆಲವು ಮಿಲಿಮೀಟರ್ ಚಾಚಿಕೊಂಡಿರುವ ಲೋಹದ ಕೊಳವೆ. ಬಿಟ್ ಈ ಕೊಳವೆಯ ಒಳಗಿಂದ ಇಳಿದು ಮರವನ್ನು ಕೊರೆಯುತ್ತದೆ. ಕೊಳವೆಯ ಹೊರಮೈ ಟೆಂಪ್ಲೇಟಿನ ಅಂಚಿಗೆ ಒರಗಿಕೊಂಡು ಸಾಗುತ್ತದೆ. ಬೇರಿಂಗ್ (ಅಂಚಿಗೆ ಒರಗಿ ಉರುಳುವ ಪುಟ್ಟ ಚಕ್ರ) ಇರುವ ಬಿಟ್ ಕೂಡ ಟೆಂಪ್ಲೇಟನ್ನು ಅನುಸರಿಸುತ್ತದೆ, ಮತ್ತು ಅಲ್ಲಿ ಲೆಕ್ಕವೇ ಬೇಕಿಲ್ಲ, ಟೆಂಪ್ಲೇಟಿನ ಅಳತೆಯೇ ಕೆಲಸದ ಅಳತೆ. ಆದರೆ ಕತ್ತರಿಸುವ ಭಾಗದ ಮೇಲ್ತುದಿಯಲ್ಲಿ ಬೇರಿಂಗ್ ಇರುವ, 25 ಮಿ.ಮೀ. ಉದ್ದದ ಅಲಗಿನ ಬಿಟ್‌ನಿಂದ 3 ಮಿ.ಮೀ. ಆಳದ ಹಿಂಜ್ ಕಚ್ಚು ತೆಗೆಯಬೇಕಾದರೆ, ಬೇರಿಂಗ್ ಟೆಂಪ್ಲೇಟಿಗೆ ತಾಗಬೇಕೆಂಬ ಕಾರಣಕ್ಕೆ ಟೆಂಪ್ಲೇಟಿನ ದಪ್ಪ 22 ಮಿ.ಮೀ.ಗಿಂತ ಹೆಚ್ಚಿರಬೇಕಾಗುತ್ತದೆ. ಬುಷ್‌ಗೆ ಈ ಕಟ್ಟುಪಾಡಿಲ್ಲ. ಆಳ ಎಷ್ಟೇ ಇರಲಿ, ಮೊದಲ ಇಳಿತದಿಂದ ಕೊನೆಯ ಇಳಿತದವರೆಗೆ ಅದು ಟೆಂಪ್ಲೇಟಿನ ಅಂಚನ್ನು ಬಿಡುವುದಿಲ್ಲ. ನೇರ ಬಿಟ್, ಸುರುಳಿ ಬಿಟ್, ದುಂಡು ತಳದ ಬಿಟ್, ವಿ-ಗ್ರೂವ್ ಬಿಟ್ ಯಾವುದನ್ನು ಹಾಕಿದರೂ ಮಾರ್ಗದರ್ಶಿ ಅದೇ. ತಿರುಗುವ ಅಲಗು ಟೆಂಪ್ಲೇಟಿನ ಅಂಚಿನಿಂದ ಯಾವಾಗಲೂ ದೂರದಲ್ಲಿರುವುದರಿಂದ ಟೆಂಪ್ಲೇಟ್ ಬಹುಕಾಲ ಬಾಳುತ್ತದೆ. ಹದಿನೈದು ಬಾಗಿಲಿನ ಕೆಲಸ ಹಿಡಿದವರಿಗೆ ಇದು ಸಣ್ಣ ಲಾಭವಲ್ಲ.

ಇದಕ್ಕೆ ತೆರಬೇಕಾದ ಬೆಲೆ ಲೆಕ್ಕ. ಬುಷ್‌ನ ಹೊರ ಅಂಚಿಗೂ ಬಿಟ್‌ನ ಅಂಚಿಗೂ ನಡುವೆ ಉಳಿಯುವ ಅಂತರವನ್ನು ಆಫ್‌ಸೆಟ್ ಎನ್ನುತ್ತಾರೆ, ಮತ್ತು ಟೆಂಪ್ಲೇಟ್ ಮಾಡುವಾಗ ಅದನ್ನು ಸೇರಿಸುವುದೋ ಕಳೆಯುವುದೋ ಆಗಬೇಕು.

ಮೊದಲ ಹೆಜ್ಜೆ: ಆಫ್‌ಸೆಟ್ ಲೆಕ್ಕ

ಬುಷ್‌ನ ಹೊರವ್ಯಾಸದಿಂದ ಬಿಟ್‌ನ ವ್ಯಾಸವನ್ನು ಕಳೆದು ಎರಡರಿಂದ ಭಾಗಿಸಿದರೆ ಆಫ್‌ಸೆಟ್ ಸಿಗುತ್ತದೆ. 16 ಮಿ.ಮೀ. ಬುಷ್, 12 ಮಿ.ಮೀ. ಬಿಟ್ ಆದರೆ ವ್ಯತ್ಯಾಸ 4, ಆಫ್‌ಸೆಟ್ 2 ಮಿ.ಮೀ. ಟೆಂಪ್ಲೇಟಿನ ಕಿಂಡಿಯೊಳಗೆ ರೂಟರ್ ಓಡಿಸುವುದಾದರೆ ಕಿಂಡಿ ಬೇಕಾದ ಕಚ್ಚಿಗಿಂತ ಪ್ರತಿ ಬದಿಯಲ್ಲಿ ಆಫ್‌ಸೆಟ್‌ನಷ್ಟು ದೊಡ್ಡದಿರಬೇಕು. ಎದುರುಬದುರು ಎರಡೂ ಬದಿ ಮುಚ್ಚಿದ್ದರೆ ಒಟ್ಟು ಸೇರುವುದು ಬುಷ್ ಮತ್ತು ಬಿಟ್ ವ್ಯಾಸಗಳ ಪೂರ್ತಿ ವ್ಯತ್ಯಾಸ. ಟೆಂಪ್ಲೇಟಿನ ಹೊರ ಅಂಚಿನ ಸುತ್ತ ಓಡಿಸಿ ತುಂಡೊಂದನ್ನು ರೂಪಿಸುವುದಾದರೆ ಟೆಂಪ್ಲೇಟ್ ಅಷ್ಟೇ ಪ್ರಮಾಣದಲ್ಲಿ ಚಿಕ್ಕದಿರಬೇಕು. ಬಾಗಿಲಿನ ಹಿಂಜ್‌ನಲ್ಲಿ ಒಂದು ಸೂಕ್ಷ್ಮವಿದೆ: ಉದ್ದದಲ್ಲಿ ಎರಡೂ ತುದಿ ಮುಚ್ಚಿರುತ್ತವೆ, ಅಗಲದಲ್ಲಿ ಒಂದು ಬದಿ ಬಾಗಿಲಿನ ಅಂಚಿಗೆ ತೆರೆದಿರುತ್ತದೆ. ಹಾಗಾಗಿ ಉದ್ದಕ್ಕೆ ಎರಡು ಆಫ್‌ಸೆಟ್, ಅಗಲಕ್ಕೆ ಒಂದೇ ಆಫ್‌ಸೆಟ್ ಸೇರಿಸಬೇಕು.

ಆರಂಭದಲ್ಲಿ ಹೇಳಿದ ಮುಕ್ಕಾಲು ಮಿಲಿಮೀಟರ್ ಎಲ್ಲಿಂದ ಬಂತೆಂದು ಈಗ ನೋಡಬಹುದು. 100 ಮಿ.ಮೀ. ಉದ್ದದ ಹಿಂಜ್‌ಗೆ 5/8 ಇಂಚಿನ, ಅಂದರೆ 15.88 ಮಿ.ಮೀ. ಬುಷ್ ಮತ್ತು 12.7 ಮಿ.ಮೀ. ಬಿಟ್ ಎಂದುಕೊಂಡರೆ ವ್ಯತ್ಯಾಸ 3.18, ಕಿಂಡಿಯ ಉದ್ದ 103.18 ಮಿ.ಮೀ. ಅದೇ ಕಿಂಡಿಯಲ್ಲಿ 12 ಮಿ.ಮೀ. ಬಿಟ್ ಓಡಿಸಿದರೆ ವ್ಯತ್ಯಾಸ 3.88 ಆಗಿ, ಕಚ್ಚು 99.3 ಮಿ.ಮೀ.ಗೆ ನಿಲ್ಲುತ್ತದೆ. 0.7 ಮಿ.ಮೀ. ಎಂದರೆ ಕಣ್ಣಿಗೆ ಕಾಣದಷ್ಟು ಅನ್ನಿಸಬಹುದು, ಆದರೆ ಹಿಂಜ್ ಅದನ್ನು ಕ್ಷಮಿಸುವುದಿಲ್ಲ. ಕಾಲು ಇಂಚಿನ, ಅಂದರೆ 6.35 ಮಿ.ಮೀ. ಬಿಟ್‌ಗೂ 6 ಮಿ.ಮೀ. ಬಿಟ್‌ಗೂ ಇದೇ ತಕರಾರು ಇದೆ. ಹಿಂಜ್‌ನ ಅಳತೆಯನ್ನೂ ಹೆಸರಿನ ಮೇಲೆ ನಂಬಬಾರದು: 4 ಇಂಚು ಎಂದು ಕೊಟ್ಟದ್ದು 101.6 ಮಿ.ಮೀ. ಇರಬಹುದು, ಬರೀ 100 ಇರಬಹುದು.

ಹೀಗಾಗಿ ವರ್ನಿಯರ್ ಅಥವಾ ಡಿಜಿಟಲ್ ಕ್ಯಾಲಿಪರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕುವುದು ಬೇಡ. ಬುಷ್‌ನ ಹೊರವ್ಯಾಸ, ಒಳವ್ಯಾಸ, ಚಾಚಿಕೊಂಡ ಭಾಗದ ಉದ್ದ, ಬಿಟ್‌ನ ಅಲಗಿನ ವ್ಯಾಸ, ಇಷ್ಟನ್ನೂ ಅಳೆದು ಬರೆದಿಟ್ಟುಕೊಳ್ಳಬೇಕು. ನೂಲು, ಸೂತು ಎಂದು ಅಂಗುಲದ ಎಂಟನೆಯ ಒಂದು ಪಾಲಿನಲ್ಲಿ ಮಾತಾಡುವ ಅಭ್ಯಾಸ ದಾರಂದ ನಿಲ್ಲಿಸುವ ಕೆಲಸಕ್ಕೆ ಸಾಕು. ಇಲ್ಲಿ ಅದರ ಇಪ್ಪತ್ತರಲ್ಲಿ ಒಂದು ಪಾಲೂ ಲೆಕ್ಕಕ್ಕೆ ಬರುತ್ತದೆ. ಮರು ಹರಿತ ಮಾಡಿಸಿದ ಬಿಟ್ ತನ್ನ ಮೂಲ ವ್ಯಾಸವನ್ನು ಕಳೆದುಕೊಂಡಿರುತ್ತದೆ ಎಂಬುದನ್ನೂ ಮರೆಯಬಾರದು.

ನನ್ನ ಸಲಹೆ ಕೇಳುವವರಿಗೆ ನಾನು ಹೇಳುವುದು ಒಂದೇ: ಆಫ್‌ಸೆಟ್ ಪೂರ್ಣಸಂಖ್ಯೆಯಾಗುವ ಜೋಡಿಯನ್ನು ಹಿಡಿಯಿರಿ. ಮಿಲಿಮೀಟರ್ ಬಿಟ್‌ಗೆ ಮಿಲಿಮೀಟರ್ ಬುಷ್, ಇಂಚಿನ ಬಿಟ್‌ಗೆ ಇಂಚಿನ ಬುಷ್. 16 ಮತ್ತು 12 ಸೇರಿದರೆ 2 ಮಿ.ಮೀ., 20 ಮತ್ತು 12 ಸೇರಿದರೆ 4, 30 ಮತ್ತು 10 ಸೇರಿದರೆ 10. ಹೀಗಿದ್ದರೆ ಟೆಂಪ್ಲೇಟ್ ಮಾಡುವಾಗ ಲೆಕ್ಕದ ಚೀಟಿಯೇ ಬೇಡ: ನಿಜವಾದ ಹಿಂಜನ್ನೇ ಹಲಗೆಯ ಮೇಲಿಟ್ಟು, ಅದರ ಎರಡು ತುದಿಗೂ ಹಿಂಬದಿಗೂ 1 ಮಿ.ಮೀ. ಲ್ಯಾಮಿನೇಟ್ ಚೂರುಗಳನ್ನು ಎರಡೆರಡು ಪದರ ಒತ್ತಿಟ್ಟು, ಅವಕ್ಕೆ ತಾಗಿದಂತೆ ಎಂಡಿಎಫ್ ಪಟ್ಟಿಗಳನ್ನು ಅಂಟಿಸಿದರೆ 2 ಮಿ.ಮೀ. ಆಫ್‌ಸೆಟ್‌ನ ಕಿಂಡಿ ತಾನಾಗಿ ಸಿದ್ಧವಾಗುತ್ತದೆ. 1.59 ಮಿ.ಮೀ. ಆಫ್‌ಸೆಟ್‌ಗೆ ಇಂಥ ಚೂರನ್ನು ಎಲ್ಲಿಂದ ತರುವುದು?

ಎರಡನೆಯ ಹೆಜ್ಜೆ: ಯಂತ್ರದ ತಳ ಯಾವ ಬಗೆಯದು

ಬುಷ್ ಎಷ್ಟೇ ಒಳ್ಳೆಯದಾದರೂ ಯಂತ್ರಕ್ಕೆ ಕೂರದಿದ್ದರೆ ಪ್ರಯೋಜನವಿಲ್ಲ, ಮತ್ತು ಈ ವಿಷಯದಲ್ಲಿ ತಯಾರಕರ ನಡುವೆ ಒಮ್ಮತವಿಲ್ಲ. ಸ್ಥೂಲವಾಗಿ ಮೂರು ಪದ್ಧತಿಗಳಿವೆ.

ಮೊದಲನೆಯದು ಅಮೆರಿಕದ ಪೋರ್ಟರ್-ಕೇಬಲ್ ಕಂಪನಿಯ ಪದ್ಧತಿ. ಇಲ್ಲಿ ಬುಷ್ ಎರಡು ತುಂಡಿನದು: ತಿರುಪಿನ ಎಳೆ ಸುತ್ತಿದ ಕೊಳವೆ ಬೇಸ್ ಪ್ಲೇಟಿನ ಕೆಳಗಿನಿಂದ ತೂರುತ್ತದೆ, ಮೇಲಿನಿಂದ ಉಂಗುರದಂಥ ನಟ್ ಅದನ್ನು ಬಿಗಿಯುತ್ತದೆ. ಇದಕ್ಕೆ ಬೇಸ್ ಪ್ಲೇಟಿನಲ್ಲಿ 1-3/16 ಇಂಚಿನ, ಅಂದರೆ ಸುಮಾರು 30.2 ಮಿ.ಮೀ. ತೂತೂ, ಅದರ ಕೆಳಬದಿಯಲ್ಲಿ ಬುಷ್‌ನ ತಲೆ ಅಡಗಲು 1-3/8 ಇಂಚಿನ, ಅಂದರೆ ಸುಮಾರು 34.9 ಮಿ.ಮೀ. ವ್ಯಾಸದ ತಗ್ಗೂ ಬೇಕು. ಆನ್‌ಲೈನಿನಲ್ಲಿ ಪೆಟ್ಟಿಗೆ ಸಮೇತ ಸಿಗುವ ಹಿತ್ತಾಳೆ ಸೆಟ್‌ಗಳಲ್ಲಿ ಹೆಚ್ಚಿನವು ಈ ಪದ್ಧತಿಯವು. ಎರಡನೆಯದು ಒಂದೇ ತುಂಡಿನ, ಅಗಲ ತಟ್ಟೆಯ ನಡುವೆ ಕೊಳವೆ ಇರುವ ಬುಷ್. ಇದನ್ನು ಬೇಸ್‌ಗೆ ಎರಡು ಸ್ಕ್ರೂಗಳಿಂದ ಹಿಡಿಸುತ್ತಾರೆ. ಯುರೋಪಿನ ಮತ್ತು ಜಪಾನಿನ ಹಲವು ಯಂತ್ರಗಳು ಈ ಗುಂಪಿನವು, ಆದರೆ ತಟ್ಟೆಯ ವ್ಯಾಸವೂ ಸ್ಕ್ರೂಗಳ ನಡುವಿನ ದೂರವೂ ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಮೂರನೆಯದು ಬಾಷ್ ಯಂತ್ರಗಳಲ್ಲಿ ಕಾಣುವ, ಸನ್ನೆ ಎಳೆದು ಬುಷ್ ತಿರುಗಿಸಿ ಕೂರಿಸುವ ಪದ್ಧತಿ. ಬದಲಾಯಿಸಲು ಕ್ಷಣ ಸಾಕು, ಆದರೆ ಅದೇ ಕಂಪನಿಯ ಬುಷ್ ಬೇಕು, ಇಲ್ಲವೇ ಪೋರ್ಟರ್-ಕೇಬಲ್ ಬುಷ್ ಹಿಡಿಯುವ ಅಡಾಪ್ಟರ್ ಬೇಕು.

ಯಂತ್ರದೊಂದಿಗೆ ಬಂದ ಒಂದೋ ಎರಡೋ ಬುಷ್ ಬಿಟ್ಟು ಬೇರೆ ಅಳತೆ ಸಿಗದಿದ್ದಾಗ ಹೆಚ್ಚಿನವರು ಹಿಡಿಯುವ ದಾರಿ ಸ್ವಂತ ಬೇಸ್ ಪ್ಲೇಟ್ ಮಾಡಿಕೊಳ್ಳುವುದು, ಮತ್ತು ಅದು ಒಳ್ಳೆಯ ದಾರಿಯೇ. 6 ಮಿ.ಮೀ. ಅಕ್ರಿಲಿಕ್ ಹಾಳೆಯಲ್ಲಿ ಮೂಲ ಪ್ಲೇಟಿನ ಸ್ಕ್ರೂ ತೂತುಗಳನ್ನು ಗುರುತಿಸಿ, ನಡುವೆ ಮೇಲೆ ಹೇಳಿದ ತೂತನ್ನೂ ತಗ್ಗನ್ನೂ ಕೊರೆದರೆ ಇಡೀ ಪೋರ್ಟರ್-ಕೇಬಲ್ ಪರಿವಾರ ನಿಮ್ಮ ಯಂತ್ರಕ್ಕೆ ಒಗ್ಗುತ್ತದೆ. ತಗ್ಗಿನ ಆಳ ಬುಷ್‌ನ ತಲೆಯ ದಪ್ಪಕ್ಕಿಂತ ಕೂದಲೆಳೆಯಷ್ಟು ಹೆಚ್ಚಿರಲಿ. ತಲೆ ಹೊರಕ್ಕೆ ಉಬ್ಬಿದರೆ ರೂಟರ್ ಟೆಂಪ್ಲೇಟಿನ ಮೇಲೆ ತೂಗಾಡುತ್ತದೆ. ಸ್ಕ್ರೂ ತೂತುಗಳನ್ನು ಸ್ಕ್ರೂಗಿಂತ ಒಂದು ಮಿಲಿಮೀಟರ್ ದೊಡ್ಡದಾಗಿ ಕೊರೆದು, ಕೋನಾಕಾರದ ತಲೆಯ ಸ್ಕ್ರೂ ಬದಲು ಚಪ್ಪಟೆ ತಳದ ತಲೆಯ ಸ್ಕ್ರೂಗಳನ್ನು ತಗ್ಗಿನಲ್ಲಿ ಅಡಗಿಸಿ ಬಳಸಿ. ಇದರ ಕಾರಣ ನಾಲ್ಕನೆಯ ಹೆಜ್ಜೆಯಲ್ಲಿ ತಿಳಿಯುತ್ತದೆ.

ಮೂರನೆಯ ಹೆಜ್ಜೆ: ವ್ಯಾಸ ಮತ್ತು ಉದ್ದ

ಬಿಟ್ ಗೊತ್ತಾಗಿದೆ, ತಳ ಗೊತ್ತಾಗಿದೆ. ಈಗ ಬುಷ್‌ನ ಒಳವ್ಯಾಸ ನೋಡಬೇಕು. ಬಿಟ್‌ನ ಅಲಗು ಮಾತ್ರವಲ್ಲ, ಬಿಟ್‌ನ ದಂಟೂ ಕೊಳವೆಯೊಳಗೆ ಇಳಿಯಬಹುದೆಂದು ನೆನಪಿಡಬೇಕು, 10 ಮಿ.ಮೀ. ಅಲಗಿಗೆ 12.7 ಮಿ.ಮೀ. ದಂಟು ಇರುವ ಬಿಟ್‌ಗಳುಂಟು. ಇಂಚಿನ ಸೆಟ್‌ಗಳಲ್ಲಿ ಕೊಳವೆಯ ಗೋಡೆ ತೆಳು. 5/8 ಇಂಚಿನ ಬುಷ್‌ನ ಒಳವ್ಯಾಸ ಸಾಮಾನ್ಯವಾಗಿ 17/32 ಇಂಚು; ಅದರಲ್ಲಿ ಅರ್ಧ ಇಂಚಿನ ಬಿಟ್ ಹಾಕಿದರೆ ಸುತ್ತ ಉಳಿಯುವ ಸಂದು 0.4 ಮಿ.ಮೀ. ಮಾತ್ರ. ಇಷ್ಟು ಸಂದಿನಲ್ಲಿ ಕೆಲಸ ನಡೆಯುತ್ತದೆ, ಆದರೆ ಹೊಟ್ಟು ಹೊರಬರಲು ದಾರಿ ಕಿರಿದಾಗಿ ಕೊಳವೆ ಕಟ್ಟಿಕೊಳ್ಳುತ್ತದೆ, ಬಿಟ್ ಬಿಸಿಯಾಗುತ್ತದೆ, ಬುಷ್ ಸ್ವಲ್ಪ ಓರೆಯಾಗಿದ್ದರೂ ಅಲಗು ಲೋಹವನ್ನು ಉಜ್ಜುತ್ತದೆ. ಕೆಲಸ ಒಪ್ಪುವುದಾದರೆ ಪ್ರತಿ ಬದಿಯಲ್ಲಿ ಒಂದು ಮಿಲಿಮೀಟರಿಗಿಂತ ಹೆಚ್ಚು ಸಂದು ಬಿಡುವ ದೊಡ್ಡ ಬುಷ್ ನನಗೆ ಇಷ್ಟ. ಹೊಟ್ಟನ್ನು ಮೇಲಕ್ಕೆ ಎತ್ತುವ ಸುರುಳಿ ಬಿಟ್ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಕೆಳಕ್ಕೆ ತಳ್ಳುವ ಸುರುಳಿ ಬಿಟ್ ಮುಚ್ಚಿದ ಕಚ್ಚಿನಲ್ಲಿ ಹೊಟ್ಟನ್ನು ಅಲ್ಲಿಯೇ ಅದುಮುತ್ತದೆ.

ಹಾಗಾದರೆ ಯಾವಾಗಲೂ ದೊಡ್ಡ ಬುಷ್ ಏಕಲ್ಲ? ಒಳಮೂಲೆಗಳಿಂದಾಗಿ. ಬುಷ್ ತನ್ನ ತ್ರಿಜ್ಯಕ್ಕಿಂತ ಇಕ್ಕಟ್ಟಾದ ತಿರುವಿಗೆ ಹೋಗಲಾರದು. 30 ಮಿ.ಮೀ. ಬುಷ್ 15 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾದ ಒಳಬಾಗನ್ನು ಅನುಸರಿಸದೆ ದಾಟಿಬಿಡುತ್ತದೆ. ಟೆಂಪ್ಲೇಟಿನಲ್ಲಿ ಎಷ್ಟು ಚಂದದ ಬಳ್ಳಿ ಕೊರೆದಿದ್ದರೂ ಮರದಲ್ಲಿ ಅದು ಮೊಂಡಾಗಿ ಬರುತ್ತದೆ. ಬಾಗು ಹಿಡಿಸುವಷ್ಟು ದೊಡ್ಡದಿದ್ದರೆ, ಮರದಲ್ಲಿ ಮೂಡುವ ಒಳಬಾಗಿನ ತ್ರಿಜ್ಯ ಟೆಂಪ್ಲೇಟಿನ ತ್ರಿಜ್ಯದಿಂದ ಆಫ್‌ಸೆಟ್ ಕಳೆದಷ್ಟು. ಟೆಂಪ್ಲೇಟಿನ ಒಳಮೂಲೆ ಚೂಪಾಗಿದ್ದರೆ ಮರದಲ್ಲಿ ಬಿಟ್‌ನ ತ್ರಿಜ್ಯವೇ ಮೂಡುತ್ತದೆ, ಹಿಂಜ್ ಕಚ್ಚಿನ ಆ ದುಂಡು ಮೂಲೆಯನ್ನು ಉಳಿಯಿಂದ ಚೌಕ ಮಾಡಿಕೊಳ್ಳಬೇಕು. ಹೊರಮೂಲೆಯ ಕಥೆ ಬೇರೆ: ಟೆಂಪ್ಲೇಟಿನ ಚೂಪಾದ ಹೊರಮೂಲೆಯನ್ನು ಬುಷ್ ಸುತ್ತಿ ಬರುವಾಗ ಮರದ ಮೂಲೆ ಆಫ್‌ಸೆಟ್‌ನಷ್ಟು ತ್ರಿಜ್ಯದಲ್ಲಿ ದುಂಡಾಗುತ್ತದೆ. 2 ಮಿ.ಮೀ. ಆಫ್‌ಸೆಟ್‌ನಲ್ಲಿ ಇದು ಗಮನಕ್ಕೆ ಬರುವುದಿಲ್ಲ, 10 ಮಿ.ಮೀ. ಆಫ್‌ಸೆಟ್‌ನಲ್ಲಿ ಢಾಳಾಗಿ ಕಾಣುತ್ತದೆ. ನೇರ ಗೆರೆಗಳ ದೊಡ್ಡ ಕೆಲಸಕ್ಕೆ ದೊಡ್ಡ ಬುಷ್, ಬಾಗು ಬಳುಕಿನ ಕೆಲಸಕ್ಕೆ ಚಿಕ್ಕ ಬುಷ್ ಎಂಬ ಆಯ್ಕೆ ಇಲ್ಲಿಂದ ಬರುತ್ತದೆ.

ಬ್ರಿಟನ್ನಿನಲ್ಲಿ ಅಡುಗೆಮನೆಯ ಮರದ ಕಟ್ಟೆಗಳನ್ನು ಜೋಡಿಸಲು ಬಳಸುವ ಜಿಗ್ಗುಗಳು (ರೂಟರಿಗೆ ದಾರಿ ತೋರುವ ಸಿದ್ಧ ಚೌಕಟ್ಟುಗಳು) ದೊಡ್ಡ ಬುಷ್‌ನ ಒಳ್ಳೆಯ ಉದಾಹರಣೆ. ಅವುಗಳಿಗೆ 30 ಮಿ.ಮೀ. ಬುಷ್, 12.7 ಮಿ.ಮೀ. ಬಿಟ್ ಎಂಬ ಜೋಡಿ ರೂಢಿಯಾಗಿದೆ, ಆಫ್‌ಸೆಟ್ 8.65 ಮಿ.ಮೀ. ಜಿಗ್ಗಿನ ಸೀಳು ಬುಷ್‌ಗಿಂತ ತುಸು ಅಗಲವಾಗಿರುವುದರಿಂದ ಒಂದು ಅಂಚಿಗೆ ಒತ್ತಿ ಹಂತಹಂತವಾಗಿ ಆಳ ಇಳಿಸಿ, ಕೊನೆಯಲ್ಲಿ ಇನ್ನೊಂದು ಅಂಚಿಗೆ ಒತ್ತಿ ಒಂದೇ ಬೀಸಿನಲ್ಲಿ ನಯವಾದ ಮುಖ ತೆಗೆಯುತ್ತಾರೆ. ಸಿದ್ಧ ಜಿಗ್ ಕೊಂಡವರು ಅದರ ಮೇಲೆ ಬರೆದ ಜೋಡಿಯನ್ನು ಬದಲಿಸಬಾರದು. ಆಫ್‌ಸೆಟ್ ಆ ಜಿಗ್ಗಿನ ಒಡಲಲ್ಲೇ ಕೂತಿರುತ್ತದೆ.

ಉದ್ದದ ವಿಷಯ ಚಿಕ್ಕದು, ಆದರೆ ಹೆಚ್ಚು ಜನ ಎಡವುವುದು ಇಲ್ಲೇ. ಬೇಸ್‌ನಿಂದ ಕೆಳಗೆ ಚಾಚಿದ ಕೊಳವೆ ಟೆಂಪ್ಲೇಟಿನ ದಪ್ಪಕ್ಕಿಂತ ಕನಿಷ್ಠ ಒಂದು ಮಿಲಿಮೀಟರ್ ಕಡಿಮೆ ಇರಬೇಕು. ಸಮವಾದರೂ ಸಾಕಲ್ಲವೇ ಎಂದರೆ ಸಾಲದು. ಅಂಚಿನಲ್ಲಿ ಸೇರಿದ ಹೊಟ್ಟು ಬುಷ್‌ನಡಿ ಸಿಕ್ಕಿ ರೂಟರನ್ನು ಎತ್ತುತ್ತದೆ, ಕಚ್ಚಿನ ಆಳ ಏರುಪೇರಾಗುತ್ತದೆ. 6 ಮಿ.ಮೀ. ಎಂಡಿಎಫ್ ಅಗ್ಗವೆಂದು ಅದರಲ್ಲಿ ಟೆಂಪ್ಲೇಟ್ ಮಾಡಿ ಆಮೇಲೆ ಬುಷ್ ತಳಕ್ಕೆ ತಾಗುತ್ತಿದೆ ಎಂದು ಪರದಾಡುವುದಕ್ಕಿಂತ 9 ಅಥವಾ 12 ಮಿ.ಮೀ. ಹಲಗೆ ಬಳಸುವುದು ಲೇಸು. ಬುಷ್ ಹಿತ್ತಾಳೆಯದಾದರೆ ಹ್ಯಾಕ್ಸಾ ಹಿಡಿದು ಕತ್ತರಿಸಿ, ಅರದಿಂದ ಒಳ ಹೊರ ಅಂಚುಗಳ ಮುಳ್ಳು ತೆಗೆದರೂ ಆಗುತ್ತದೆ. ಇದರ ಮಗ್ಗುಲಿಗೇ ಇನ್ನೊಂದು ಪರೀಕ್ಷೆ ಇದೆ. ಬಿಟ್ ಬೇಸ್‌ನಿಂದ ಕೆಳಗೆ ಇಳಿಯಬೇಕಾದದ್ದು ಟೆಂಪ್ಲೇಟಿನ ದಪ್ಪ ಮತ್ತು ಕಚ್ಚಿನ ಆಳ ಎರಡೂ ಕೂಡಿದಷ್ಟು. ಗಿಡ್ಡ ಬಿಟ್ ಹಾಕಿ ಅಷ್ಟು ಆಳಕ್ಕೆ ಒತ್ತಿದರೆ ಬಿಟ್ ಹಿಡಿಯುವ ಭಾಗವಾದ ಕೊಲೆಟ್‌ನ ನಟ್ ಬುಷ್‌ನ ಮೇಲ್ಭಾಗಕ್ಕೆ ಬಡಿಯುತ್ತದೆ. ಪ್ಲಗ್ ತೆಗೆದು, ರೂಟರನ್ನು ಪೂರ್ತಿ ಆಳಕ್ಕೆ ಒತ್ತಿ, ಕೊಲೆಟನ್ನು ಕೈಯಿಂದ ತಿರುಗಿಸಿ ನೋಡಿದ ಮೇಲೆಯೇ ಮುಂದುವರಿಯಬೇಕು. ಆಳ ಸಾಲದೆಂದು ಬಿಟ್‌ನ ದಂಟನ್ನು ಕೊಲೆಟ್‌ನಿಂದ ಹೊರಕ್ಕೆ ಎಳೆದು ತುದಿಯಲ್ಲಿ ಮಾತ್ರ ಹಿಡಿಸುವುದು ಅಪಾಯ. ಉದ್ದದ ಬಿಟ್ ಕೊಳ್ಳಬೇಕು.

ಹಿತ್ತಾಳೆಯೋ ಉಕ್ಕೋ ಎಂಬ ಚರ್ಚೆಗೆ ಹೆಚ್ಚು ಹೊತ್ತು ಬೇಡ. ಉಕ್ಕು ಗಟ್ಟಿ, ಬೇಗ ಸವೆಯುವುದಿಲ್ಲ. ಹಿತ್ತಾಳೆ ಮೆದು, ಅಕಸ್ಮಾತ್ ಕಾರ್ಬೈಡ್ ಅಲಗು ತಾಗಿದರೆ ಅಲಗಿಗೆ ಆಗುವ ಹಾನಿ ಕಡಿಮೆ. ಎರಡೂ ಆದೀತು. ಪ್ಲಾಸ್ಟಿಕ್ ಬುಷ್ ಬಿಸಿಗೆ ಮತ್ತು ಒತ್ತಡಕ್ಕೆ ಬಾಗುವುದರಿಂದ ಅದನ್ನು ಟ್ರಿಮ್ಮರಿನ (ಚಿಕ್ಕ ರೂಟರಿನ) ಹಗುರ ಕೆಲಸಕ್ಕೆ ಬಿಡಿ.

ನಾಲ್ಕನೆಯ ಹೆಜ್ಜೆ: ನಡುವಿಗೆ ತರುವುದು

ಆಫ್‌ಸೆಟ್ ಸೂತ್ರ ನಿಜವಾಗುವುದು ಬಿಟ್ ಬುಷ್‌ನ ನಟ್ಟನಡುವೆ ಇದ್ದರೆ ಮಾತ್ರ. ಕಾರ್ಖಾನೆಯಿಂದ ಬಂದ ಯಂತ್ರದಲ್ಲೂ ಬೇಸ್ ಪ್ಲೇಟ್ ಕಾಲು ಮಿಲಿಮೀಟರಿನಷ್ಟು ಸರಿದಿರುವುದುಂಟು. ಒಂದು ಬದಿಗೆ 2.2, ಎದುರು ಬದಿಗೆ 1.8 ಎಂದಾದರೆ ರೂಟರನ್ನು ತಿರುಗಿಸಿದ ಹಾಗೆಲ್ಲ ಕಚ್ಚು ಅಲೆಯುತ್ತದೆ.

ಇದನ್ನು ಸರಿಪಡಿಸಲು ಸಿಗುವ ಸಾಧನ ಒಂದು ಕೋನಾಕಾರದ ಉಕ್ಕಿನ ಅಥವಾ ಪ್ಲಾಸ್ಟಿಕ್ ಗೂಟ. ಅದನ್ನು ಬಿಟ್‌ನಂತೆ ಕೊಲೆಟ್‌ಗೆ ಹಿಡಿಸಿ, ಬೇಸ್ ಪ್ಲೇಟಿನ ಸ್ಕ್ರೂಗಳನ್ನು ಸಡಿಲಿಸಿ, ಗೂಟ ಬುಷ್‌ನೊಳಗೆ ಸುತ್ತಲೂ ಸಮವಾಗಿ ಕೂರುವವರೆಗೆ ಯಂತ್ರವನ್ನು ಒತ್ತಬೇಕು. ಪ್ಲೇಟ್ ತಾನಾಗಿ ಸರಿದು ನಡುವಿಗೆ ಬರುತ್ತದೆ. ಒತ್ತಿ ಹಿಡಿದಂತೆಯೇ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪ ಬಿಗಿಯಬೇಕು. ಕೋನಾಕಾರದ ತಲೆಯ ಸ್ಕ್ರೂಗಳಿದ್ದರೆ ಬಿಗಿಯುತ್ತಿದ್ದ ಹಾಗೆ ಅವು ಪ್ಲೇಟನ್ನು ತಮ್ಮ ಹಳೆಯ ಜಾಗಕ್ಕೇ ಎಳೆದುಕೊಳ್ಳುತ್ತವೆ. ಚಪ್ಪಟೆ ತಳದ ಸ್ಕ್ರೂ, ದೊಡ್ಡ ತೂತು ಎಂದು ಹಿಂದೆ ಹೇಳಿದ್ದು ಅದಕ್ಕಾಗಿಯೇ.

ಸರಿಯಾಯಿತೇ ಎಂದು ನೋಡಲು ರದ್ದಿ ಹಲಗೆಗೆ ನೇರ ಪಟ್ಟಿಯೊಂದನ್ನು ಬಿಗಿದು, ಬುಷ್ ಅದಕ್ಕೆ ಒರಗುವಂತೆ 2 ಮಿ.ಮೀ. ಆಳದ ಗಾಡಿ (ಉದ್ದನೆಯ ತೋಡು) ಕೊರೆಯಿರಿ. ರೂಟರನ್ನು ಅರ್ಧ ಸುತ್ತು ತಿರುಗಿಸಿ ಅದೇ ಗಾಡಿಯಲ್ಲಿ ಮತ್ತೊಮ್ಮೆ ಓಡಿಸಿ. ಗಾಡಿ ಅಗಲವಾದರೆ, ಎಷ್ಟು ಅಗಲವಾಯಿತೋ ಅದರ ಅರ್ಧದಷ್ಟು ಬಿಟ್ ನಡುವಿನಿಂದ ಸರಿದಿದೆ ಎಂದರ್ಥ. ಸರಿದಿರುವುದು ಪಟ್ಟಿಗೆ ಸಮಾನಾಂತರವಾಗಿದ್ದರೆ ಈ ಪರೀಕ್ಷೆಗೆ ಸಿಕ್ಕಿಬೀಳದು, ಆದ್ದರಿಂದ ಕಾಲು ಸುತ್ತು ತಿರುಗಿಸಿಯೂ ಒಮ್ಮೆ ನೋಡಬೇಕು. ಗೂಟವಿಲ್ಲದವರಿಗೆ ಹಳೆಯ ಉಪಾಯವೊಂದಿದೆ: ಬೇಸ್‌ನ ಅಂಚಿಗೆ ಬಣ್ಣದ ಗುರುತು ಹಾಕಿ, ಆ ಗುರುತು ಸದಾ ಒಂದೇ ದಿಕ್ಕಿಗೆ ಮುಖಮಾಡುವಂತೆ ರೂಟರ್ ಓಡಿಸುವುದು. ಬಿಟ್ ಸರಿದಿದ್ದರೂ ಕಚ್ಚಿನ ಅಳತೆ ಕೆಡುವುದಿಲ್ಲ. ಇಡೀ ಕಚ್ಚು ಆ ಎಳೆಯಷ್ಟು ಪಕ್ಕಕ್ಕೆ ಸರಿದು ನಿಲ್ಲುತ್ತದೆ, ಅಷ್ಟೆ.

ಪೋರ್ಟರ್-ಕೇಬಲ್ ಬುಷ್‌ನ ನಟ್ ಕಂಪನಕ್ಕೆ ಸಡಿಲಾಗುವುದು ಅದರ ಹುಟ್ಟುಗುಣ. ತೇಗದ ಬಾಗಿಲೊಂದರಲ್ಲಿ ಮೂರನೆಯ ಹಿಂಜ್ ಕೊರೆಯುವಾಗ ನನ್ನ ಬುಷ್ ಹೀಗೆ ಕಳಚಿ, ತಿರುಗುತ್ತಿದ್ದ ಬಿಟ್‌ಗೆ ತಾಗಿ, ಬಿಟ್ ಬುಷ್ ಎರಡೂ ಹೋದವು. ಬಾಗಿಲಿಗೆ ತೇಪೆ ಹಾಕಬೇಕಾಯಿತು. ಅಂದಿನಿಂದ ನಟ್‌ನ ಕೆಳಗೆ ಅಲೆಯಾಕಾರದ ಸ್ಪ್ರಿಂಗ್ ವಾಷರ್ ಅಥವಾ ತೆಳು ರಬ್ಬರ್ ಉಂಗುರ ಹಾಕದೆ ಯಂತ್ರ ಚಾಲೂ ಮಾಡಿಲ್ಲ, ಪ್ರತಿ ಕಚ್ಚಿನ ನಂತರ ಪ್ಲಗ್ ತೆಗೆದು ಬೆರಳಿನಿಂದ ಮುಟ್ಟಿ ನೋಡುತ್ತೇನೆ.

ಐದನೆಯ ಹೆಜ್ಜೆ: ರದ್ದಿ ಮರದಲ್ಲಿ ಒಂದು ಕಚ್ಚು

ಟೆಂಪ್ಲೇಟನ್ನು ಬಿಗಿದು, ರೂಟರ್ ಪೂರ್ತಿ ವೇಗಕ್ಕೆ ಬಂದ ಮೇಲೆ ಬಿಟ್ ಇಳಿಸಿ, ಕಿಂಡಿಯೊಳಗಾದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ, ಟೆಂಪ್ಲೇಟಿನ ಹೊರಸುತ್ತಿನಲ್ಲಾದರೆ ಅದರ ವಿರುದ್ಧ ದಿಕ್ಕಿಗೆ ಸಾಗಬೇಕು. ಹೀಗೆ ಸಾಗಿದರೆ ಬಿಟ್‌ನ ಸೆಳೆತವೇ ಬುಷ್ ಅನ್ನು ಟೆಂಪ್ಲೇಟಿಗೆ ಒತ್ತುತ್ತದೆ. ತಿರುಗುಮುರುಗಾದರೆ ಯಂತ್ರ ಕೈಯಿಂದ ಓಡಲು ನೋಡುತ್ತದೆ. ಮೊದಲ ಕಚ್ಚು ರದ್ದಿ ಮರದಲ್ಲೇ ಆಗಲಿ. ಹಿಂಜ್ ಬಿಗಿಯಾಗಿದ್ದರೆ ಟೆಂಪ್ಲೇಟನ್ನು ಉಜ್ಜಬಹುದು. ಸಡಿಲವಾಗಿದ್ದರೆ ಕಿಂಡಿಯ ಒಂದು ಅಂಚಿಗೆ ಮಾಸ್ಕಿಂಗ್ ಟೇಪಿನ ಪದರ ಅಂಟಿಸಬಹುದು, ಆ ಪದರದ ದಪ್ಪದಷ್ಟೇ ಕಚ್ಚು ಕಿರಿದಾಗುತ್ತದೆ. ಎಂಡಿಎಫ್ ಹೊಟ್ಟು ತೀರ ನಯವಾದ್ದರಿಂದ ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಸರಿಯಾದ ಮಾಸ್ಕ್ ಬೇಕು. ಕಣ್ಣಿಗೂ ಕಿವಿಗೂ ರಕ್ಷಣೆ ಬೇಕು.

ಸೂತ್ರಕ್ಕೆ ಒಗ್ಗದ ಎರಡು ಕೆಲಸಗಳು

ಡವ್‌ಟೇಲ್ (ಪಾರಿವಾಳದ ಬಾಲದಾಕಾರದ ಕೂಡು) ಜಿಗ್‌ಗಳಲ್ಲಿ ಬಿಟ್ ಬುಷ್‌ಗಿಂತ ದೊಡ್ಡದು. ಡ್ರಾಯರ್‌ಗಳಿಗೆ ಬಳಸುವ ಹಲವು ಜಿಗ್‌ಗಳು 7/16 ಇಂಚಿನ ಬುಷ್ ಜೊತೆ 14 ಡಿಗ್ರಿಯ ಅರ್ಧ ಇಂಚಿನ ಡವ್‌ಟೇಲ್ ಬಿಟ್ ಕೇಳುತ್ತವೆ. ಇಲ್ಲಿ ಕೊಳವೆಯೊಳಗೆ ಇಳಿಯುವುದು ದಂಟು ಮಾತ್ರ, ಆದ್ದರಿಂದ ಬುಷ್ ಮೊದಲು ಬಿಗಿದು, ಬಿಟ್ ಅನ್ನು ಕೆಳಗಿನಿಂದ ತೂರಿಸಿ ಕೊಲೆಟ್‌ಗೆ ಹಿಡಿಸಬೇಕು. ಬಿಟ್‌ನ ಅಗಲ ತಲೆ ಬುಷ್‌ನ ಬಾಯಿಗೆ ತಾಗದಷ್ಟು ಕೆಳಗಿರಬೇಕು. ಬಿಟ್ ತಿರುಗುತ್ತಿರುವಾಗ ರೂಟರನ್ನು ಮೇಲಕ್ಕೆ ಎತ್ತಿದರೆ ಮರವೂ ಜಿಗ್ಗಿನ ಬೆರಳುಗಳೂ ಸೀಳಿಹೋಗುತ್ತವೆ. ಯಂತ್ರ ನಿಲ್ಲಿಸಿ, ಅಡ್ಡಕ್ಕೆ ಜಾರಿಸಿ ಹೊರತೆಗೆಯಬೇಕು.

ಇನ್ನೊಂದು ಇನ್‌ಲೇ ಕೆಲಸ. ಮೈಸೂರಿನ ಬೀಟೆ ಮರದ ಇನ್‌ಲೇ ನೋಡಿದವರಿಗೆ ಒಂದು ಮರದೊಳಗೆ ಇನ್ನೊಂದು ಮರವನ್ನು ಸಂದು ಕಾಣದಂತೆ ಕೂರಿಸುವುದೆಂದರೇನೆಂದು ಗೊತ್ತು. ಅಲ್ಲಿ ಅದು ತೆಳು ಗರಗಸದ ಮತ್ತು ಕೈಯ ಕೆಲಸ, ರೂಟರ್ ಅಷ್ಟು ಸೂಕ್ಷ್ಮಕ್ಕೆ ಹೋಗದು. ಆದರೆ ಎಲೆ, ಚಿಟ್ಟೆ, ಚೌಕದಂಥ ಸರಳ ಆಕಾರಗಳನ್ನು ಒಂದೇ ಟೆಂಪ್ಲೇಟಿನಿಂದ ಗಂಡು ಹೆಣ್ಣು ಎರಡೂ ಕೊರೆಯಲು ವಿಶೇಷ ಬುಷ್ ಸಿಗುತ್ತದೆ. ಅದರ ಕೊಳವೆಯ ಹೊರವ್ಯಾಸ 5/16 ಇಂಚು, ಅದರ ಮೇಲೆ ಸಿಕ್ಕಿಸಿ ತೆಗೆಯಬಹುದಾದ ಉಂಗುರದ ಹೊರವ್ಯಾಸ 9/16 ಇಂಚು, ಬಿಟ್ 1/8 ಇಂಚು. ಉಂಗುರ ಹಾಕಿ ತಗ್ಗನ್ನು ಕೊರೆದರೆ ಅದರ ಅಂಚು ಟೆಂಪ್ಲೇಟಿನಿಂದ 7/32 ಇಂಚು ಒಳಗೆ ಬೀಳುತ್ತದೆ. ಉಂಗುರ ತೆಗೆದು, ಅದೇ ಟೆಂಪ್ಲೇಟಿನಲ್ಲಿ ತುಂಡನ್ನು ಕೊರೆದರೆ ಬಿಟ್‌ನ ಹೊರ ಅಂಚು 3/32 ಇಂಚಿನಲ್ಲೂ, ಒಳ ಅಂಚು ಬಿಟ್‌ನ ಅಗಲ 4/32 ಸೇರಿ 7/32 ಇಂಚಿನಲ್ಲೂ ಸಾಗುತ್ತದೆ. ತುಂಡಿನ ಅಂಚು ಆ ಒಳ ಅಂಚೇ ಆದ್ದರಿಂದ ಎರಡೂ ಒಂದೇ ಗೆರೆಗೆ ಬರುತ್ತವೆ. ಉಂಗುರ ಮತ್ತು ಬುಷ್ ವ್ಯಾಸಗಳ ವ್ಯತ್ಯಾಸ ಬಿಟ್ ವ್ಯಾಸದ ಸರಿಯಾಗಿ ಎರಡು ಪಟ್ಟು ಇರಬೇಕೆಂಬುದೇ ಇದರ ಗುಟ್ಟು.

ಈ ಕಿಟ್‌ಗೆ 1/8 ಇಂಚಿನ ಬಿಟ್ ಮುರಿದಾಗ ಅಂಗಡಿಯಲ್ಲಿ ಅದರ ಬದಲು 3 ಮಿ.ಮೀ. ಬಿಟ್ ಕೈಗಿಡುತ್ತಾರೆ. ನೋಡಲು ಒಂದೇ, ವ್ಯತ್ಯಾಸ 0.175 ಮಿ.ಮೀ. ಆದರೆ ಇಲ್ಲಿ ಅದು ಎರಡು ಬದಿಯಿಂದಲೂ ಸೇರಿ ತುಂಡು ತಗ್ಗಿಗಿಂತ 0.35 ಮಿ.ಮೀ. ದೊಡ್ಡದಾಗುತ್ತದೆ, ಸುತ್ತಿಗೆಯಿಂದ ಬಡಿದರೂ ಕೂರುವುದಿಲ್ಲ. ಟೆಂಪ್ಲೇಟಿನ ಒಳಮೂಲೆಗಳ ತ್ರಿಜ್ಯ ಉಂಗುರದ ತ್ರಿಜ್ಯವಾದ 9/32 ಇಂಚಿಗಿಂತ, ಅಂದರೆ ಸುಮಾರು 7.14 ಮಿ.ಮೀ.ಗಿಂತ ಕಡಿಮೆ ಇರಬಾರದು; ಇದ್ದರೆ ಉಂಗುರ ಮೂಲೆಗೆ ಹೋಗದೆ, ಬರಿಯ ಬುಷ್ ಹೋಗಿ, ಎರಡೂ ಆಕಾರಗಳು ಅಲ್ಲಿ ಬೇರೆಬೇರೆಯಾಗುತ್ತವೆ. ತುಂಡು ಕೊರೆಯುವ ತೆಳು ಮರವನ್ನು ಎರಡು ಮುಖದ ಟೇಪಿನಿಂದ ರದ್ದಿ ಹಲಗೆಗೆ ಪೂರ್ತಿ ಅಂಟಿಸಿರಬೇಕು, ಇಲ್ಲವಾದರೆ ಕೊನೆಯ ಎಳೆ ತುಂಡಾದ ಕ್ಷಣ ಚಿಟ್ಟೆ ಹಾರಿಹೋಗುತ್ತದೆ.